ಪಕ್ಕದ ಕ್ಲಾಸಿನವಳು

ಮೂರನೇ ತರಗತಿಯ ಆ ಟೀಚರಿಗೆ ಶಾಲೆಯಲ್ಲೆಲ್ಲ ‘ಟ್ಯಾಬ್ ಮಿಸ್’ ಎಂದೇ ಹೆಸರು. ಕೃತಕ ಬುದ್ಧಿಮತ್ತೆಯ ಓದಿನ ಟ್ಯಾಬ್ ಬಂದಾಗ ಉಳಿದವರು “ಇದೆಲ್ಲ ನಮ್ಮ ತಲೆಗೆ ಹತ್ತಲ್ಲಪ್ಪ” ಎಂದು ಜಾರಿಕೊಂಡರೆ, ನಿವೃತ್ತಿಯ ಹೊಸ್ತಿಲಲ್ಲಿದ್ದ ಈಕೆ ಟೊಂಕ ಕಟ್ಟಿ ಕಲಿತಳು. ಮಗು ಓದಿದ್ದನ್ನು ಟ್ಯಾಬ್ ಕೇಳಿಸಿಕೊಂಡು, ತಪ್ಪು ತಿದ್ದಿ, ನಕ್ಷತ್ರ ಕೊಡುತ್ತಿತ್ತು. ಕೋಣೆ ತುಂಬ ಮಕ್ಕಳ ಓದನ್ನು ಒಬ್ಬಳೇ ಕೇಳಿ ಕೇಳಿ ಸೋತಿದ್ದವಳಿಗೆ ಹೋದ ಜೀವ ಬಂದಂತಾಗಿತ್ತು.

ಕಿಟಕಿ ಪಕ್ಕದ ಹುಡುಗಿಗೆ ಮಾತ್ರ ಒಂದು ನಕ್ಷತ್ರವೂ ಸಿಗುತ್ತಿರಲಿಲ್ಲ. ಅವಳಿಗೆ ಉಗ್ಗು. ‘ಮ... ಮ...’ ಎಂದು ಅವಳು ‘ಮರ’ವನ್ನು ಮುಟ್ಟುವಷ್ಟರಲ್ಲಿ ಟ್ಯಾಬ್ ‘ಮತ್ತೊಮ್ಮೆ ಪ್ರಯತ್ನಿಸು’ ಎನ್ನುತ್ತಿತ್ತು. ಅವಳು ಓದಬಲ್ಲಳು, ತುಸು ಕಾಯಬೇಕಷ್ಟೇ ಎಂಬುದು ಟೀಚರಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಅ ಆ ಇ ಈ ಗುಂಪಿಗೆ ತಳ್ಳಿದ್ದಳು.

ಒಂದು ದಿನ ತರಗತಿ ನೋಡಲು ಅಧಿಕಾರಿಯೊಬ್ಬರು ಬಂದರು. “ಶಾಲೆ ಮರ್ಯಾದೆ ನಿಮ್ಮ ಕೈಲಿದೆ ಮೇಡಂ” ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ಕಾರು ಗೇಟಿನೊಳಗೆ ಬರುತ್ತಲೇ ಟೀಚರು ಆ ಹುಡುಗಿಯನ್ನು ಕರೆದು, “ಆಫೀಸಿಂದ ಸೀಮೆಸುಣ್ಣ ತಗೊಂಡ್ ಬಾ ಪುಟ್ಟಿ. ಅವಸರ ಏನಿಲ್ಲ” ಎಂದಳು. ಮೇಜಿನ ಮೇಲಿನ ಡಬ್ಬಿಯಲ್ಲಿ ಸೀಮೆಸುಣ್ಣ ತುಂಬಿಯೇ ಇತ್ತು.

ಮಕ್ಕಳು ಪಟಪಟನೆ ಓದಿದರು. ಅಧಿಕಾರಿ ತಲೆದೂಗಿದರು. ಅಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

“ಬಾಮ್ಮ, ನೀನೂ ಓದ್ತೀಯಾ?” ಅಧಿಕಾರಿ ಕೇಳಿದರು.

“ಇವಳು ಪಕ್ಕದ ಕ್ಲಾಸಿನವಳು ಸರ್,” ಎಂದುಬಿಟ್ಟಳು ಟೀಚರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳೆಲ್ಲ ಮಿಕಮಿಕ ನೋಡಿದರು. ಹುಡುಗಿ ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರನಡೆದಳು.

ಅಧಿಕಾರಿ ಹೋದ ಮೇಲೆ ಹುಡುಕಿದರೆ, ಅವಳು ನಿಜಕ್ಕೂ ಪಕ್ಕದ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿದ್ದಳು. “ನೀವೇ ಕಳಿಸಿದ್ರಂತಲ್ಲ ಅಕ್ಕ?” ಎಂದಳು ಅಲ್ಲಿನ ಟೀಚರು. ಹುಡುಗಿ ಅತ್ತಿದ್ದರೂ ಆಗುತ್ತಿತ್ತು, ಅಳಲಿಲ್ಲ. ಟ್ಯಾಬ್ ಮಿಸ್ಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಹುಡುಗಿಯ ತಾಯಿ ಬಂದಳು. “ಕ್ಲಾಸ್ ಬದಲಾಯ್ಸಿದ್ರಂತೆ ಮಿಸ್, ಪಕ್ಕದ್ಮನೆ ಹುಡುಗ ಹೇಳ್ದ. ಅವಳೇನ್ ತಪ್ಪು ಮಾಡಿದ್ಲು?”

“ಅವಳಲ್ಲಮ್ಮ, ನಾನು ಮಾಡ್ದೆ.” ಟೀಚರು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದಳು.

ತಾಯಿ ಬಯ್ಯಲಿಲ್ಲ. “ನನಗೆ ಹೇಳಿ ಏನ್ ಬಂತು? ಅವಳಿಗೆ ಹೇಳಿ. ನಿನ್ನೆಯಿಂದ ತುಟಿ ಬಿಚ್ಚಿಲ್ಲ.”

ಟೀಚರು ಹುಡುಗಿಯನ್ನು ಕರೆದುಕೊಂಡು ಇಡೀ ತರಗತಿಯ ಮುಂದೆ ನಿಂತಳು. “ನಿನ್ನೆ ನಾನು ಸುಳ್ಳು ಹೇಳ್ದೆ. ಇವಳು ನಮ್ಮವಳು. ನನ್ನ ಹೆಸರು ಕೆಡುತ್ತೆ ಅಂತ ಹಾಗಂದೆ. ಕ್ಷಮಿಸು ಪುಟ್ಟಿ.” ಹೆಡ್‌ಮಾಸ್ಟರು “ಮುಗಿದದ್ದನ್ನ ಯಾಕೆ ಕೆದಕ್ತೀರಿ?” ಎಂದರೂ ಕೇಳದೆ ಅಧಿಕಾರಿಗೂ ಫೋನ್ ಮಾಡಿ ಒಪ್ಪಿಕೊಂಡಳು. ಅವರು “ಹೌದಾ” ಎಂದಷ್ಟೇ ಹೇಳಿ ಫೋನಿಟ್ಟರು.

ಉಳಿದವರಿಗೆ ಟ್ಯಾಬ್ ಇದ್ದೇ ಇತ್ತು. ಈ ಹುಡುಗಿಯ ಓದಿಗೆ ಮಾತ್ರ ಟೀಚರೇ ಪಕ್ಕದಲ್ಲಿ ಕೂತಳು. ಎಷ್ಟೋ ದಿನ ಹುಡುಗಿ ಬಾಯಿಬಿಡಲಿಲ್ಲ. ಕೊನೆಗೊಂದು ಮಧ್ಯಾಹ್ನ ತಾನಾಗಿಯೇ ಪುಟ ತೆರೆದಳು. ಒಂದು ಪದದ ಬಳಿ ಬಹಳ ಹೊತ್ತು ಸಿಕ್ಕಿಕೊಂಡಳು. ಆ ಪದ ಟೀಚರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಕಾದಳು. ಪುಟ ಮುಗಿಯಿತು.

“ಚೆನ್ನಾಗ್ ಓದಿದೆ ಕಣೇ.”

ಹುಡುಗಿ ಪುಸ್ತಕ ಮುಚ್ಚಿದಳು. “ಮಿ... ಮಿಸ್, ಆ ಸರ್ ಮತ್ತೆ ಬಂದ್ರೆ ನಾನು ಎ... ಎಲ್ಲಿ ಕೂರ್ಲಿ?”

“ಇಲ್ಲೇ. ನಿನ್ನ ಜಾಗದಲ್ಲೇ.”

ಹುಡುಗಿ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳೋಣವೆಂದರೆ ಟೀಚರಿಗೆ ಮುಖವಿರಲಿಲ್ಲ.