ಖಾಲಿ ಮಗ್ಗಕ್ಕೆ ಬಂದ ಗಿರಾಕಿ

ಗೆಳೆಯರೇ, ಇಳಕಲ್ಲಿನ ನಮ್ಮ ಮನೆಯ ಹಳೆಯ ಮಗ್ಗ ಇವತ್ತು ಮತ್ತೆ ಸದ್ದು ಮಾಡಿತು. ಅಪ್ಪನಿಗೆ ಪಾರ್ಕಿನ್ಸನ್. ಗುಳಿಗೆಯ ಪ್ರಭಾವ ಇಳಿಯುತ್ತಿದ್ದಂತೆ ಕಾಲು ಸುಮ್ಮನಿರುವುದಿಲ್ಲ.

"ಈಗ ಗುಳಿಗಿ ಕೊಡು," ಎಂದರು ಅಪ್ಪ.

"ಡಾಕ್ಟರು ಹೇಳಿದ ಹೊತ್ತಿಗೇ ಕೊಡ್ತೇನ್ರಿ."

"ಕಾಲು ಡಾಕ್ಟರದ್ದೋ ನಂದೋ?" ಎಂದು ಗದರಿ, ಗೋಡೆ ಹಿಡಿದು ಹೋಗಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಕುಣಿಗೆ ಇಳಿದೇಬಿಟ್ಟರು. ಒಂದೆಳೆ ನೂಲಿಲ್ಲದ ಮಗ್ಗವನ್ನು ತುಳಿದದ್ದೇ ತುಳಿದದ್ದು. ಕಾಲಿಗೆ ಹಿತವಾಯಿತು.

ಸದ್ದು ಕೇಳಿ ಪಕ್ಕದ ಮನೆಯ ಗಂಗವ್ವ ಓಡಿ ಬಂದಳು. "ಕಾಕಾ, ಮಗ್ಗ ಸುರು ಆತೇನ್ರಿ? ಮಗಳ ಮದವಿಗೆ ನಿಮ್ಮ ಕೈಯಾನ ಸೀರೀನ ಬೇಕು."

ಹೊತ್ತಾಯಿತೆಂದು ನಾನು ಗುಳಿಗೆ ಹಿಡಿದು ನಿಂತೆ. ಅಪ್ಪ ತಿರುಗಿಯೂ ನೋಡಲಿಲ್ಲ.

"ತಡಿಯವ್ವಾ, ಗಿರಾಕಿ ಬಂದಾರ. ಗಂಗವ್ವಾ, ದಡಿ ಯಾವ ಬಣ್ಣ?"

ಸೀರೆಯಂಚು ಕೆಂಪೆಂದು ಗಟ್ಟಿಯಾದ ಮೇಲೆಯೇ ಗುಳಿಗೆ ನುಂಗಿದರು. ನಾಳೆ ನೂಲು ತರುವ ಕೆಲಸ ನನ್ನದಂತೆ.