ಗೋಪುರಕ್ಕೆ ಜುಂಬೆರಣ್ಣನ ಹಾರೈಕೆ

ತಿಬಿಲಿಸಿ ನಗರದ ನಮ್ಮ ವಠಾರದಲ್ಲಿ ಜುಂಬೆರಣ್ಣನಿಲ್ಲದೆ ಒಂದು ಮದುವೆಯಾಗಲಿ, ತಿಥಿಯಾಗಲಿ ನಡೆದದ್ದಿಲ್ಲ. ಹೊಟ್ಟೆಪಾಡಿಗೆ ಟ್ರಾಲಿಬಸ್ ಓಡಿಸಿದವನು, ನಿಜವಾದ ಕೆಲಸ ತಮಾದಾನದು. ಮೇಜಿನ ತಲೆಯಲ್ಲಿ ನಿಂತು, ದ್ರಾಕ್ಷಾರಸದ ಲೋಟ ಎತ್ತಿ, ಸತ್ತವರಿಗೂ ಇದ್ದವರಿಗೂ ಬಂದವರಿಗೂ ತಕ್ಕ ಮಾತಾಡಿ ಹಾರೈಸುವವನು ತಮಾದಾ. ಎಷ್ಟೇ ಕುಡಿದರೂ ಅವನು ತೂರಾಡುವಂತಿಲ್ಲ, ಬಾಯಿಗೆ ಬಂದದ್ದು ಆಡುವಂತಿಲ್ಲ. ಮನೆಯಲ್ಲಿ ಹೆಂಡತಿ ಬೈದರೆ ಉತ್ತರಕ್ಕೆ ತಡಕಾಡುತ್ತಿದ್ದ ಆಸಾಮಿ, ಲೋಟ ಕೈಗೆ ಬಂತೆಂದರೆ ಬೇರೆಯೇ ಮನುಷ್ಯ.

ನಮ್ಮ ವಠಾರ ಕೆಡವಿ ನಲವತ್ತು ಮಹಡಿಯ ಗೋಪುರ ಕಟ್ಟುತ್ತಾರೆಂದು ಬೇಲಿಗೆ ಚಿತ್ರ ಹಚ್ಚಿದಾಗ ಬೀದಿಗೆ ಬೀದಿಯೇ ನೋಡಲು ಬಂತು. ಬುಡದಿಂದ ತುದಿಯವರೆಗೂ ತಿರುಚಿಕೊಂಡ ಗಾಜಿನ ಕಟ್ಟಡ.

“ಒದ್ದೆ ಬಟ್ಟೆ ಹಿಂಡಿದ ಹಾಗಿದ್ಯಲ್ಲೇ!” ಎಂದಳು ಮಹಡಿ ಮನೆಯ ಲಮಾರಕ್ಕ.

“ಹಿಂಡ್ತಿರೋದು ನಮ್ಮನ್ನೇ ಕಣಕ್ಕ” ಎಂದೆ ನಾನು.

ಕಾಲೇಜಿನ ಹುಡುಗಿಯೊಬ್ಬಳು ಫೋಟೊ ತೆಗೆದುಕೊಳ್ಳುತ್ತಾ, “ಸೂಪರಾಗಿದೆ! ಥೇಟ್ ದುಬೈ ಥರ!” ಎಂದಳು.

“ಹಾಗಾದ್ರೆ ದುಬೈಗೇ ಹೋಗಮ್ಮಾ ತಾಯಿ, ನಮ್ಮ ಅಂಗಳ ಯಾಕೆ ಬೇಕು?” ಎಂದು ಲಮಾರಕ್ಕ ಮುಸುಡಿ ತಿರುವಿದಳು.

ಪತ್ರಿಕೆಗಳು ದಿಟ್ಟ ವಿನ್ಯಾಸವೆಂದು ಹೊಗಳಿದವು. ದಿಟ್ಟತನ ಬೇಕೇ ಬೇಕಲ್ಲ, ಬೇರೆಯವರ ಮನೆ ಮೇಲೆ ಕಟ್ಟುವುದಕ್ಕೆ! ಚಿತ್ರದಲ್ಲಿ ನಮ್ಮ ಮನೆಗಳಿದ್ದ ಕಡೆ ಒಂದು ಕೊಳ, ನಾಯಿ ಹಿಡಿದುಕೊಂಡು ಅಡ್ಡಾಡುವ ಹೊಂಗೂದಲ ಹೆಂಗಸು. ನನಗೆ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ನಗರಸಭೆಯವರು ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ವಠಾರ ಒಂದೇ ಬಾಯಲ್ಲಿ ಬೇಡವೆಂದರೆ ಅನುಮತಿ ಸಿಗುವುದಿಲ್ಲ ಎಂದು ವಕೀಲರು ಹೇಳಿದರು. ನಮ್ಮ ಪರವಾಗಿ ಮಾತಾಡಲು ಜುಂಬೆರಣ್ಣನಿರುವಾಗ ಚಿಂತೆಯೇನೆಂದು ನಾವಿದ್ದೆವು.

ಸಭೆಗೆ ಮೊದಲು ಸಂತ ಜಾರ್ಜ್ ಹಬ್ಬ ಬಂತು. ಅಂಗಳದಲ್ಲಿ ಮೇಜು ಹಾಕಿ, ಚೀಸ್ ರೊಟ್ಟಿ ಬಿಸಿಬಿಸಿ ಬರುತ್ತಿದ್ದ ಹೊತ್ತಿಗೆ ಗೋಪುರ ಕಟ್ಟುವ ಕಂಪನಿಯ ಮಮುಕಾ ದ್ರಾಕ್ಷಾರಸದ ಜಾಡಿ ಹಿಡಿದು ಇಬ್ಬರು ಗೆಳೆಯರೊಂದಿಗೆ ಒಳಗೆ ಬಂದ. ಅವನೂ ನಮ್ಮ ಊರಿನವನೇ, ನಮ್ಮ ಪದ್ಧತಿ ಬಲ್ಲವನು. ಊಟದ ಹೊತ್ತು ನೋಡಿಕೊಂಡೇ ಬಂದಿದ್ದ ಕಳ್ಳ. ಹಾಕಿದ ಮೇಜಿನಿಂದ ಅತಿಥಿಯನ್ನು ಎಬ್ಬಿಸುವುದು ನಮ್ಮಲ್ಲಿಲ್ಲ. ಅತಿಥಿಗೆ ಹಾರೈಸದೆ ಬಿಡುವುದು ತಮಾದಾನಿಗಿಲ್ಲ. ಜುಂಬೆರಣ್ಣ ಎದ್ದ.

“ಮಮುಕಾ, ತಮ್ಮಾ, ನಮ್ಮ ಉಪ್ಪು ತಿಂದಿದ್ದೀಯ. ನೀನು ಏನು ಕಟ್ಟಿದ್ರೂ ಅದು ನೆಟ್ಟಗೆ ನಿಲ್ಲಲಿ. ನಿನ್ನ ಗೋಡೆ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳಲಿ.”

ನಾವೂ ಲೋಟ ಎತ್ತಿದೆವು. ಮಮುಕಾನ ಗೆಳೆಯನೊಬ್ಬ ವಿಡಿಯೊ ಮಾಡಲು ಮೊಬೈಲ್ ಹಿಡಿದಿದ್ದ. ಹಬ್ಬದಲ್ಲಿ ಯಾರು ಹಿಡಿಯುವುದಿಲ್ಲ?

ಸಭೆಯ ದಿನ ಕಂಪನಿಯವರು ಮೊದಲು ಗೋಡೆಯ ಮೇಲೆ ಆ ವಿಡಿಯೊವನ್ನೇ ತೋರಿಸಿದರು. ಇಡೀ ವಠಾರ ಲೋಟ ಎತ್ತಿ ಗೋಪುರವನ್ನು ಹರಸುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು.

“ಈ ಮಾತು ನಿಮ್ಮದೇನಾ?” ಅಧ್ಯಕ್ಷರು ಜುಂಬೆರಣ್ಣನನ್ನು ಕೇಳಿದರು.

ಲಮಾರಕ್ಕ ಅವನ ತೋಳು ಜಗ್ಗಿದಳು. “ಕುಡಿದಿದ್ದೆ ಅನ್ನೋ. ನಾಲಿಗೆ ಜಾರಿತು ಅನ್ನು, ಸಾಕು.”

ಜುಂಬೆರಣ್ಣ ಎದ್ದು ನಿಂತ. “ನಂದೇ ಸ್ವಾಮಿ. ಕುಡಿದು ಆಡಿದ್ದಲ್ಲ” ಎಂದು ಕೂತುಬಿಟ್ಟ. ನಮ್ಮ ಆಕ್ಷೇಪಣೆ ಅಲ್ಲಿಗೇ ಬಿದ್ದುಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಲಮಾರಕ್ಕ ಅವನನ್ನು ಹಿಡಿದುಕೊಂಡಳು. “ಒಂದು ಸುಳ್ಳು ಹೇಳೋಕೆ ನಿನಗೆ ಏನಾಗಿತ್ತೋ, ದರಿದ್ರದವನೆ?”

“ಆ ಮಾತು ಸುಳ್ಳು ಅಂದ್ರೆ, ನಿನ್ನ ಮಗನ ತಿಥೀಲಿ ನಾನು ಆಡಿದ್ದೂ ಸುಳ್ಳಾಗುತ್ತಲ್ಲಕ್ಕ. ಅದೇ ಬಾಯಿ, ಅದೇ ಲೋಟ.”

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

“ಆಗಲಿ ಬಿಡು ಸುಳ್ಳು. ಅವನು ಸತ್ತ ಕೋಣೆಯಾದ್ರೂ ನನಗೆ ಉಳೀತಿತ್ತು.”

ಚಳಿಗಾಲ ಮುಗಿಯುವುದರೊಳಗೆ ನಮ್ಮನ್ನು ಊರಾಚೆಯ ಬೇರೆಬೇರೆ ಕಟ್ಟಡಗಳಿಗೆ ಸಾಗಿಸಿದರು. ಅಲ್ಲೂ ಮದುವೆಗಳಾಗುತ್ತವೆ, ಜನ ಸಾಯುತ್ತಾರೆ. ಜುಂಬೆರಣ್ಣನನ್ನು ಮಾತ್ರ ಯಾರೂ ಕರೆಯುವುದಿಲ್ಲ. ನನ್ನ ಮಗಳ ಮದುವೆಗೆ ನಾನೂ ಕರೆಯಲಿಲ್ಲ.