ಚಿಕ್ಕಮ್ಮನ ಎರಡು ಫೋನು

ಘಾಜಿಯಾಬಾದಿನ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿ ಓಡಿಸಿ ಕಪ್ಪಾಗಿದ್ದ ಚಿಕ್ಕಮ್ಮನ ಮುಂಗೈಗಳಲ್ಲಿ ಬಳೆಯಡಿಯ ಚರ್ಮ ಮಾತ್ರ ಬೆಳ್ಳಗಿತ್ತು. ವರ್ಕ್‌ಶಾಪಿನ ಬಾಗಿಲಲ್ಲೇ ಬಳೆ ಕಳಚಿ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತಿದ್ದರು. ಒಂದು ಬಳೆಚೂರು ವೈರುಗಳ ನಡುವೆ ಬಿದ್ದರೆ ಅದೂ ರಾಕೆಟ್ಟಿನ ಜೊತೆ ಆಕಾಶಕ್ಕೆ ಹೋದೀತೆಂಬ ಭಯ ಅವರಿಗೆ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಚಿಕ್ಕಪ್ಪನನ್ನು ಮದುವೆಯಾಗಿ ಮಂಡ್ಯದಿಂದ ಬಂದವರು. ಮೊದಲು ಫ್ರಿಜ್ಜುಗಳಿಗೆ, ಆಮೇಲೆ ಬಸ್ಸುಗಳಿಗೆ ವೈರಿನ ಕಟ್ಟು ಮಾಡಿಕೊಡುತ್ತಿದ್ದರು. ರಾಕೆಟ್ ಹಾರಿಸಲು ಖಾಸಗಿಯವರೂ ಇಳಿದ ಮೇಲೆ ಎರಡು ಕಂಪನಿಗಳು ಅವರನ್ನು ಹುಡುಕಿಕೊಂಡು ಬಂದವು. ರಾಕೆಟ್ಟಿನ ವೈರುಗಳನ್ನು ಈಗಲೂ ಕೈಯಲ್ಲೇ ಕಟ್ಟಬೇಕು. ಚಿಕ್ಕಮ್ಮನ ವರ್ಕ್‌ಶಾಪಿನ ಹೆಂಗಸರು ಜಡೆ ಹೆಣೆದ ಹಾಗೆ ಕಟ್ಟುತ್ತಿದ್ದರು.

ಆ ಕಂಪನಿಗಳೋ, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಯಾರು ಮೊದಲು ಹಾರಿಸುತ್ತಾರೋ ಅವರ ಬಳಿಗೇ ಗಿರಾಕಿಗಳು ಹೋಗುತ್ತಾರೆ. ಚಿಕ್ಕಮ್ಮ ವರ್ಕ್‌ಶಾಪಿನ ನಡುವೆ ದಪ್ಪ ನೀಲಿ ಪರದೆ ಕಟ್ಟಿಸಿ, ಒಬ್ಬೊಬ್ಬರಿಗೆ ಒಂದೊಂದು ಫೋನು ಇಟ್ಟುಕೊಂಡರು. ಪರದೆ ದಾಟುವಾಗಲೆಲ್ಲ "ಇಧರ್ ಕೀ ಬಾತ್ ಇಧರ್", ಇಲ್ಲಿಯ ಮಾತು ಇಲ್ಲೇ, ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ಕಂಪನಿಯ ಗುರುಗ್ರಾಮದ ಕಚೇರಿಯಲ್ಲಿ ನನಗೆ ಕೆಲಸ. ಭಾನುವಾರ ಚಿಕ್ಕಮ್ಮನ ಮನೆಗೆ ಹೋದರೆ ಬೇಡವೆಂದರೂ ಉಪ್ಪಿನಕಾಯಿ ಬಡಿಸುತ್ತಿದ್ದರು, ಪರದೆಯಾಚೆಯ ಕಂಪನಿಯವರ ಸುದ್ದಿ ಮಾತ್ರ ಚೂರೂ ಬಡಿಸುತ್ತಿರಲಿಲ್ಲ.

ಅಂಥ ಒಂದು ಭಾನುವಾರ ನಾನು ಚಿತ್ರಾನ್ನ ತಿನ್ನುತ್ತಾ ಕುಳಿತಿದ್ದೆ. ಚಿಕ್ಕಮ್ಮ ಎರಡೂ ಫೋನು ಹಿಡಿದು ಬಂದು, ಎರಡು ಕಡೆಗೂ ನಂಬರ್ ಒತ್ತಿ, ಇಬ್ಬರೂ ಎತ್ತಿಕೊಂಡ ಮೇಲೆ ಎರಡು ಕಿವಿಗೂ ಇಟ್ಟುಕೊಂಡು ಒಂದೇ ಸಲ ಹೇಳಿದರು: ವೈರಿನ ತುದಿಗೆ ಪಿನ್ನು ಒತ್ತುವ ಇಕ್ಕಳ ಸಡಿಲವಾಗಿದೆ, ನಿನ್ನೆ ಎಳೆದು ನೋಡಿದಾಗ ಪಿನ್ನು ಕಿತ್ತು ಬಂತು, ಕಳಿಸಿದ ಕಟ್ಟುಗಳನ್ನೆಲ್ಲ ಬಿಚ್ಚಿ, ವಾಪಸ್ ಕೊಡಿ. "ಪರದೆ ಕಟ್ಟಿದೆ, ಇಕ್ಕಳ ಮಾತ್ರ ಎರಡು ಕಡೆಗೂ ಒಂದೇ ಇಟ್ಕೊಂಡೆ. ತಪ್ಪು ನನ್ನದೇ" ಎಂದು ಹಿಂದಿಯಲ್ಲಿ ಹೇಳಿ ಫೋನು ಕೆಳಗಿಟ್ಟರು. ಎರಡು ಕಂಪನಿಯೂ ಕೈಬಿಟ್ಟರೆ ವರ್ಕ್‌ಶಾಪಿಗೆ ಬೀಗ ಬೀಳುತ್ತಿತ್ತು, ಅಷ್ಟು ಹೆಂಗಸರೂ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಿದ್ದರು.

ನನಗೆ ಸಿಟ್ಟು ಬಂತು. "ನನಗಾದ್ರೂ ಮೊದಲೇ ಹೇಳಬಹುದಿತ್ತಲ್ಲ, ಚಿಕ್ಕಮ್ಮ?"

"ನೀನು ಪರದೆ ಈಚೆಯವಳು ಕಣೇ. ನಿನಗೆ ಹೇಳಿದ್ರೆ ಒಬ್ಬರಿಗೆ ಮೊದಲು ಹೇಳಿದ ಹಾಗೇ ಅಲ್ವಾ?"

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ನನಗೇ ಫೋನು ಮಾಡಿದರು. ಆಚೆಯವರ ರಾಕೆಟ್ಟು ಆಗಲೇ ಹಾರಲು ನಿಂತಿದೆ, ನಮ್ಮದಿನ್ನೂ ಷೆಡ್ಡಿನಲ್ಲಿದೆ. ನಿಮ್ಮ ಮೌಸೀಜಿ ನಮಗೊಬ್ಬರಿಗೇ ಹೇಳಿ, ಅವರದು ಹಾರುವ ತನಕ ನಾಲ್ಕು ದಿನ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಅವರ ಪ್ರಶ್ನೆ. ನಾನು ಚಿಕ್ಕಮ್ಮನಿಗೆ ಹೇಳಿದೆ. ಅವರು ತಟ್ಟೆ ಎತ್ತುತ್ತಾ, "ಹೇಳಮ್ಮ ಅವರಿಗೆ. ಗೆಲ್ಲೋದಾದ್ರೆ ನಿಮ್ಮ ಕೆಲಸದಿಂದ ಗೆಲ್ಲಿ. ನನ್ನ ಕೆಟ್ಟ ಇಕ್ಕಳ ನಿಮ್ಮನ್ನ ಗೆಲ್ಲಿಸಬಾರದು" ಎಂದರು. ಅದನ್ನು ಹಿಂದಿಗೆ ತಂದು ಹೇಳುವಷ್ಟರಲ್ಲಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಇವರು ನನ್ನ ಚಿಕ್ಕಮ್ಮ ಎಂದು ಎದೆಯುಬ್ಬಿತು.

ಬಿಚ್ಚಿ ನೋಡಿದಾಗ ಎರಡೂ ರಾಕೆಟ್ಟುಗಳಲ್ಲಿ ಸಡಿಲ ಪಿನ್ನುಗಳು ಸಿಕ್ಕವು. ಚಿಕ್ಕಮ್ಮ ಎರಡು ಹೊಸ ಇಕ್ಕಳ ತರಿಸಿ, ತಮ್ಮ ಖರ್ಚಿನಲ್ಲೇ ಎಲ್ಲವನ್ನೂ ಮತ್ತೆ ಕಟ್ಟಿಸಿಕೊಟ್ಟರು. ಕೊನೆಗೆ ಯಾವ ಕಂಪನಿಯೂ ಅವರನ್ನು ಬಿಡಲಿಲ್ಲ.

ಮೊದಲು ಹಾರಿದ್ದು ಆಚೆಯವರದೇ. ಅಂದು ವರ್ಕ್‌ಶಾಪಿಗೆ ಟಿವಿ ತರಿಸಿದ್ದರು. ಪರದೆ ಸರಿದದ್ದನ್ನು ನಾನು ನೋಡಿದ್ದು ಅದೊಂದೇ ದಿನ, ಅದೂ ನಕ್ಷೆಗಳೆಲ್ಲ ಬೀರುವಿನೊಳಗೆ ಸೇರಿ ಬೀಗ ಬಿದ್ದ ಮೇಲೆ. ರಾಕೆಟ್ಟು ಬೆಂಕಿಯುಗುಳುತ್ತಾ ಏರಿತು. ನಮ್ಮ ಕಡೆಯ ಹೆಂಗಸರು ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದರು. "ತಾಲೀ ಬಜಾವೋ, ಮೇಲೆ ಹೋಗ್ತಿರೋದು ನಮ್ಮ ಮನೆ ವೈರು" ಎಂದು ಚಿಕ್ಕಮ್ಮ ಗದರಿದರು. ಅವರು ಚಪ್ಪಾಳೆ ತಟ್ಟುವಾಗ ಕೈಮೇಲಿನ ಬಿಳಿ ಪಟ್ಟೆಗಳು ಕಾಣುತ್ತಿದ್ದವು. ಕೆಲವು ತಿಂಗಳ ಮೇಲೆ ನಮ್ಮದೂ ಹಾರಿತು, ಅದಕ್ಕೂ ಅಷ್ಟೇ ಜೋರಾಗಿ ತಟ್ಟಿದರು.

ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಚಿಕ್ಕಮ್ಮ ತೀರಿಕೊಂಡರು. ಅವರನ್ನು ಕೊನೆಯ ಸಲ ಕಾಣಲು ಎರಡೂ ಕಂಪನಿಯವರು ಬಂದು ಒಂದೇ ಜಮಖಾನದ ಮೇಲೆ ಕುಳಿತರು. ನಾನು ಕೆಲಸ ಬಿಟ್ಟು ವರ್ಕ್‌ಶಾಪು ವಹಿಸಿಕೊಂಡೆ. ಬಳೆ ಕಳಚಿ ಅದೇ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತೇನೆ.

ಮೊನ್ನೆ ಹೊಸದಾಗಿ ಬಂದ ಸುರುಳಿಯಲ್ಲಿ ವೈರಿನ ಮೇಲ್ಹೊದಿಕೆ ಅಲ್ಲಲ್ಲಿ ಬಿರುಕು ಬಿಟ್ಟದ್ದು ಕಂಡಿತು. ಹಿಂದಿನ ಸುರುಳಿಗಳೂ ಅದೇ ಅಂಗಡಿಯವು, ಎರಡು ಕಡೆಗೂ ಹೋಗಿದ್ದವು. ಒಂದು ಫೋನಿನಲ್ಲಿ ನನ್ನ ಹಳೆಯ ಮ್ಯಾನೇಜರ್ ಸಿಕ್ಕರು. ನಾನು ವಿಷಯ ಹೇಳಿ ಮುಗಿಸಿದೆ. ಅವರು ಎಷ್ಟು ತಡವಾಗುತ್ತದೆ ಎಂದು ಕೇಳಲಿಲ್ಲ, ಬೈಯಲೂ ಇಲ್ಲ.

"ಆಚೆಯವರಿಗೂ ಹೇಳಿದಿರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇನ್ನೊಂದು ಕಿವಿಯಲ್ಲಿ ಅವರೇ ಇದ್ದಾರೆ, ಸಾರ್" ಎಂದೆ.